ಜಾಗವಿಲ್ಲ ಎಂದು ಕೊಡುವ ಸಾವು ದಯಾಮರಣವೇ?

ಪ್ರಶ್ನೆ: ನಾನು ಒಂದು ಪ್ರಾಣಿ ಆಶ್ರಯಧಾಮದ ಆಡಳಿತ ಸಮಿತಿಯ ಸದಸ್ಯೆ. 90 ನಾಯಿಗಳಿಗೆಂದು ಕಟ್ಟಿದ ಜಾಗದಲ್ಲಿ ಈಗ 210 ನಾಯಿಗಳಿವೆ. ದಿನಕ್ಕೆ ಸರಾಸರಿ ಮೂರು ಹೊಸದಾಗಿ ಬರುತ್ತವೆ. ‘ನಾವು ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ’ ಎಂದು ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದೇವೆ. ಕಳೆದ ತಿಂಗಳು ಕಚ್ಚಾಟದಲ್ಲಿ ಎರಡು ನಾಯಿಗಳು ಸತ್ತವು. ಆಮೇಲೆ ನಮ್ಮ ಪಶುವೈದ್ಯರು 14 ನಾಯಿಗಳ ಪಟ್ಟಿ ಕೊಟ್ಟು ದಯಾಮರಣಕ್ಕೆ ಸಮಿತಿಯ ಸಹಿ ಕೇಳಿದ್ದಾರೆ. ಅದರಲ್ಲಿ ಮುದಿಯಾಗಿ ನರಳುವವು, ಕಾಯಿಲೆಯವು, ಕಚ್ಚುವವು ಇವೆ. ಏನೂ ಆಗದೆ, ಯಾರೂ ದತ್ತು ತೆಗೆದುಕೊಳ್ಳದೆ ಉಳಿದುಹೋದವೂ ಇವೆ. ಸಹಿ ಹಾಕಿದರೆ ಅದು ಕೊಲೆಯೇ? ಹಾಕದಿದ್ದರೆ ಉಳಿದವಕ್ಕೆ ದ್ರೋಹವೇ? ಹಾಕುವುದಾದರೆ ಆ ದಿನ ನಾನು ಅಲ್ಲಿರಬೇಕೇ?

ಉತ್ತರ: ಆ ಹಾಳೆಗೆ ಈಗಿರುವ ರೂಪದಲ್ಲಿ ಸಹಿ ಹಾಕಬೇಡಿ. ಹಾಗೆಂದು ಅದನ್ನು ಹರಿದು ಎಸೆಯಲೂ ಬೇಡಿ. ನಿಮ್ಮ ವೈದ್ಯರು 14 ಹೆಸರುಗಳನ್ನು ಒಂದರ ಕೆಳಗೊಂದು ಬರೆದಿದ್ದಾರೆ. ಆದರೆ ನರಳುವ ಮುದಿ ನಾಯಿಯ ಪ್ರಶ್ನೆ ಬೇರೆ, ಆರೋಗ್ಯವಾಗಿದ್ದೂ ಯಾರಿಗೂ ಬೇಡವಾದ ನಾಯಿಯ ಪ್ರಶ್ನೆ ಬೇರೆ. ಎರಡಕ್ಕೂ ಒಂದೇ ಸಹಿ ಸಾಕು ಎಂದಾದಾಗ ಒಂದರ ನ್ಯಾಯ ಇನ್ನೊಂದರ ಅನ್ಯಾಯವನ್ನು ಮುಚ್ಚಿಬಿಡುತ್ತದೆ. ನನ್ನ ವೃತ್ತಿಯಲ್ಲಿ ಕಂಡ ಹೆಚ್ಚಿನ ತಪ್ಪುಗಳು ಆಗಿರುವುದು ಇಂಥ ಪಟ್ಟಿಗಳಿಂದಲೇ.

ನಾನು ಪಶುವೈದ್ಯ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಆಶ್ರಯಧಾಮಗಳಲ್ಲಿ ಕೆಲಸ ಮಾಡಿದ್ದೇನೆ. ನೀವು ಕೇಳಿರುವ ಎರಡೂ ಬಗೆಯ ಸಾವನ್ನು ನನ್ನ ಕೈಯಿಂದಲೇ ಕೊಟ್ಟಿದ್ದೇನೆ. ಸಿರಿಂಜಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಔಷಧ ಒಂದೇ, ಪ್ರಮಾಣ ಒಂದೇ, ಬೆರಳಿನ ಕೆಳಗೆ ನಾಡಿ ನಿಲ್ಲುವ ರೀತಿಯೂ ಒಂದೇ. ವ್ಯತ್ಯಾಸವನ್ನು ನಾವೇ ಕಾಯ್ದುಕೊಳ್ಳಬೇಕು, ಅದಕ್ಕೆ ಇರುವ ಮೊದಲ ಸಾಧನ ನಾವು ಬಳಸುವ ಮಾತು.

‘ದಯಾಮರಣ’ ಎನ್ನುತ್ತೇವಲ್ಲ, ಆ ದಯೆ ಯಾರ ಮೇಲಿನದು? ಸಾಯುವ ಪ್ರಾಣಿಯ ಮೇಲಿನದಾದರೆ ಮಾತ್ರ ಆ ಪದಕ್ಕೆ ಅರ್ಥವಿದೆ. ಪಕ್ಕದ ಗೂಡಿನ ನಾಯಿಗೆ ಅನುಕೂಲವಾಗಲಿ, ನಾಳೆ ಬರುವ ನಾಯಿಗೆ ಜಾಗವಾಗಲಿ, ಸಂಸ್ಥೆಯ ಖರ್ಚು ಇಳಿಯಲಿ ಎಂಬ ಉದ್ದೇಶಗಳು ಕೆಟ್ಟವೇನಲ್ಲದಿರಬಹುದು, ಆದರೆ ಅವು ಸಾಯುವ ಪ್ರಾಣಿಯ ಮೇಲಿನ ದಯೆಯಲ್ಲ. ಅಮೆರಿಕದ ತತ್ವಶಾಸ್ತ್ರಜ್ಞ ಟಾಮ್ ರೇಗನ್ 1980ರ ದಶಕದಲ್ಲಿ ಇದನ್ನು ಖಚಿತವಾಗಿ ಬಿಡಿಸಿಟ್ಟರು. ಸಾವು ನೋವಿಲ್ಲದ್ದಾಗಿರಬೇಕು, ಆ ಪ್ರಾಣಿಯ ಹಿತಕ್ಕಾಗಿಯೇ ಕೊಟ್ಟದ್ದಾಗಿರಬೇಕು, ಅದು ಹಿತವೆಂಬ ನಂಬಿಕೆ ನಿಜವೂ ಆಗಿರಬೇಕು. ಈ ಅಳತೆಯಲ್ಲಿ, ಮನೆ ಸಿಗಲಿಲ್ಲವೆಂದು ಆರೋಗ್ಯವಂತ ನಾಯಿಯನ್ನು ಕೊನೆಗಾಣಿಸುವುದು ದಯಾಮರಣವಾಗುವುದಿಲ್ಲ ಎಂದರು ಅವರು. ನಾನು ಇದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆಶ್ರಯಧಾಮಗಳಲ್ಲಿ ಯಾರೂ ‘ಕೊಂದೆವು’ ಎನ್ನುವುದಿಲ್ಲ, ‘ಇಂಜೆಕ್ಷನ್ ಕೊಟ್ಟೆವು’ ಎನ್ನುತ್ತಾರೆ. ಆ ಮಾತಿನ ಹಿಂದಿರುವ ಸಂಕಟ ನನಗೆ ಗೊತ್ತು. ಆದರೂ ಹೇಳುತ್ತೇನೆ, ಲಸಿಕೆಗೂ ಸಾವಿಗೂ ಒಂದೇ ಮಾತು ಬಳಸುವ ಸಂಸ್ಥೆ ತಾನು ಏನು ಮಾಡುತ್ತಿದ್ದೇನೆ ಎಂಬುದನ್ನು ಬೇಗ ಮರೆಯುತ್ತದೆ.

ಇಷ್ಟು ಓದಿ, ಸಹಿ ಹಾಕದಿರುವುದೇ ಧರ್ಮ ಎಂದು ನಿಮಗೆ ಅನ್ನಿಸಿದ್ದರೆ ಸ್ವಲ್ಪ ತಾಳಿ. ನಿಮ್ಮ 90ರ ಜಾಗದ 210 ನಾಯಿಗಳ ಬಗ್ಗೆ ನಾನಿನ್ನೂ ಮಾತಾಡಿಲ್ಲ.

1965ರಲ್ಲಿ ಬ್ರಿಟನ್ನಿನಲ್ಲಿ ರೋಜರ್ಸ್ ಬ್ರ್ಯಾಂಬೆಲ್ ಅಧ್ಯಕ್ಷತೆಯ ಸಮಿತಿಯೊಂದು ಸಾಕಣೆ ಕೇಂದ್ರಗಳ ಪ್ರಾಣಿಗಳ ಸ್ಥಿತಿಯನ್ನು ಪರಿಶೀಲಿಸಿತು. ಎದ್ದು ನಿಲ್ಲಲು, ಮಲಗಲು, ಸುತ್ತ ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಪ್ರಾಣಿಗೆ ಸಾಧ್ಯವಿರಬೇಕು ಎಂದು ಅದು ಹೇಳಿತು. ಅದೇ ಮುಂದೆ 1979ರಲ್ಲಿ ಐದು ಸ್ವಾತಂತ್ರ್ಯಗಳಾಗಿ ರೂಪುಗೊಂಡಿತು: ಹಸಿವು ಬಾಯಾರಿಕೆಗಳಿಂದ, ಅನನುಕೂಲದಿಂದ, ನೋವು ಗಾಯ ಕಾಯಿಲೆಗಳಿಂದ, ಭಯ ಸಂಕಟಗಳಿಂದ ಬಿಡುಗಡೆ, ಜೊತೆಗೆ ಸಹಜವಾಗಿ ನಡೆದುಕೊಳ್ಳುವ ಸ್ವಾತಂತ್ರ್ಯ. ಮಾಂಸಕ್ಕೂ ಹಾಲಿಗೂ ಸಾಕುವ ಪ್ರಾಣಿಗಳಿಗೆಂದು ಬರೆದ ಈ ಕನಿಷ್ಠ ಮಟ್ಟವನ್ನು, ಪ್ರೀತಿಯ ಹೆಸರಿನಲ್ಲಿ ನಡೆಯುವ ಎಷ್ಟೋ ಆಶ್ರಯಧಾಮಗಳು ಮುಟ್ಟುವುದಿಲ್ಲ. ಅಂಜುಬುರುಕ ನಾಯಿ ತಟ್ಟೆಯ ಹತ್ತಿರ ಬರುವಷ್ಟರಲ್ಲಿ ಬಲಿಷ್ಠ ನಾಯಿ ಅದರ ಪಾಲನ್ನೂ ಮುಗಿಸಿರುತ್ತದೆ. ನಾಯಿಗೂಡುಗಳಲ್ಲಿ ಬೊಗಳುವ ಸದ್ದು 100 ಡೆಸಿಬಲ್ ದಾಟುವುದು ಸಾಮಾನ್ಯ. ಮನುಷ್ಯ ಕಿವಿಗೆ ರಕ್ಷಣೆ ಹಾಕಿಕೊಂಡು ಹೊರಬರಬಹುದು, ಅದಕ್ಕಿಂತ ಸೂಕ್ಷ್ಮ ಕಿವಿಯ ನಾಯಿ ಅಲ್ಲೇ ಮಲಗಬೇಕು. ನಾಯಿಗಳಿಗೆ ಮಾರಕ ವಾಂತಿಭೇದಿ ತರುವ ಪಾರ್ವೊ ವೈರಾಣು ನೆಲದಲ್ಲಿ, ಗೋಡೆಯ ಬಿರುಕಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಇಕ್ಕಟ್ಟಿನಲ್ಲಿ ಸರಿಯಾಗಿ ತೊಳೆಯುವುದಕ್ಕಾಗಿ ನಾಯಿಗಳನ್ನು ಸ್ಥಳಾಂತರಿಸೋಣವೆಂದರೆ ಖಾಲಿ ಗೂಡೇ ಇರುವುದಿಲ್ಲ. ಬೆಕ್ಕುಗಳ ಸ್ಥಿತಿ ಇನ್ನೂ ನಾಜೂಕು. ಎಷ್ಟೋ ಬೆಕ್ಕುಗಳ ದೇಹದಲ್ಲಿ ಸುಪ್ತವಾಗಿರುವ ಹರ್ಪಿಸ್ ವೈರಾಣು ಒತ್ತಡವಾದೊಡನೆ ಎಚ್ಚರಗೊಳ್ಳುತ್ತದೆ. ಚೆನ್ನಾಗಿದ್ದ ಬೆಕ್ಕು ಒಳಗೆ ಬಂದ ಕೆಲವೇ ದಿನಗಳಲ್ಲಿ ಸೀನುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಕೂರುವುದು ಹೀಗೆ.

ನನ್ನ ಹೃದಯದಲ್ಲಿ ಇನ್ನೂ ಕೂತಿರುವ ಒಂದು ನಾಯಿಯಿದೆ. ಕಂದು ಬಣ್ಣದ್ದು, ಒಂದು ಕಿವಿ ಮಡಚಿದ್ದು. ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ ಎಂದು ಪಣ ತೊಟ್ಟಿದ್ದ ಒಂದು ಸಂಸ್ಥೆಯಲ್ಲಿ ನಾನು ಆಗ ವೈದ್ಯನಾಗಿದ್ದೆ, ಆ ಪಣ ನನ್ನದೂ ಆಗಿತ್ತು. ಅದು ಬಂದಾಗ ಒಂದೂವರೆ ವರ್ಷದ ಚುರುಕು ಪ್ರಾಣಿ. ಏಳೆಂಟು ತಿಂಗಳಲ್ಲಿ ಗೂಡಿನೊಳಗೆ ಸುತ್ತಲು ತೊಡಗಿತು. ಎಡಕ್ಕೇ, ಯಾವಾಗಲೂ ಎಡಕ್ಕೇ, ಬೆಳಗಿನಿಂದ ಸಂಜೆಯವರೆಗೆ. ಅಂಗಾಲಿನ ಚರ್ಮ ಸವೆದು ರಕ್ತ ಬರುತ್ತಿತ್ತು. ಕಟ್ಟು ಕಟ್ಟಿದರೆ ಕಟ್ಟಿನ ಮೇಲೇ ಸುತ್ತುತ್ತಿತ್ತು. ಹಾಗೆ ನಾಲ್ಕು ವರ್ಷ ಬದುಕಿತು. ಪ್ರತಿ ವರ್ಷದ ವರದಿಯಲ್ಲಿ ನಾವು ಅದನ್ನು ‘ಉಳಿಸಿದ ಪ್ರಾಣಿಗಳು’ ಎಂಬ ಸಾಲಿನಲ್ಲಿ ಎಣಿಸಿದೆವು. ಆ ಅಂಕಿಯ ಕೆಳಗೆ ನನ್ನ ಸಹಿಯಿದೆ. ನಾನು ಕೊಟ್ಟ ಯಾವ ಇಂಜೆಕ್ಷನ್ನಿಗಿಂತಲೂ ಆ ಸಹಿ ನನ್ನನ್ನು ಹೆಚ್ಚು ಕಾಡುತ್ತದೆ.

ಇದು ಒಂದು ಸಂಸ್ಥೆಯ ಕಥೆ ಮಾತ್ರವಲ್ಲ. 1991ರ ಆಗಸ್ಟ್‌ನಲ್ಲಿ ಇಟಲಿ 281ನೇ ಸಂಖ್ಯೆಯ ಕಾನೂನನ್ನು ತಂದು, ತೀವ್ರ ಅಥವಾ ಗುಣವಾಗದ ಕಾಯಿಲೆಯಿರುವ, ಇಲ್ಲವೇ ಅಪಾಯಕಾರಿ ಎಂದು ಸಾಬೀತಾದ ನಾಯಿಗಳ ಹೊರತು ಬೀದಿಯಲ್ಲಿ ಹಿಡಿದ ಯಾವ ನಾಯಿಯನ್ನೂ ಕೊಲ್ಲಬಾರದು ಎಂದಿತು. ಉದಾತ್ತವಾದ ಕಾನೂನು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಸಂತಾನ ನಿಯಂತ್ರಣ, ದತ್ತು ನೀಡಿಕೆಗಳು ಅದೇ ವೇಗದಲ್ಲಿ ಬೆಳೆಯದ ಕಡೆಗಳಲ್ಲಿ ನಾಯಿಗಳು ದೊಡ್ಡ ದೊಡ್ಡ ನಾಯಿಗೂಡುಗಳನ್ನು ಸೇರಿ ಜೀವಮಾನವಿಡೀ ಅಲ್ಲೇ ಉಳಿದವು. ಸಾವನ್ನು ನಿಷೇಧಿಸುವುದು ಸುಲಭ. ಬದುಕನ್ನು ಒದಗಿಸುವುದಕ್ಕೆ ಬೇರೆಯೇ ದುಡಿಮೆ ಬೇಕು.

ಹಾಗಾದರೆ ಇಕ್ಕಟ್ಟಿಗೆ ಕೊಲ್ಲುವುದೇ ಪರಿಹಾರವೇ? ನಿಮ್ಮದೇ ಲೆಕ್ಕ ನೋಡಿ. ಒಂದು ಆಶ್ರಯಧಾಮದಲ್ಲಿ ಎಷ್ಟು ಪ್ರಾಣಿಗಳಿರುತ್ತವೆ ಎಂಬುದನ್ನು ಎರಡೇ ಸಂಗತಿಗಳು ತೀರ್ಮಾನಿಸುತ್ತವೆ: ದಿನಕ್ಕೆ ಎಷ್ಟು ಬರುತ್ತವೆ, ಬಂದದ್ದು ಸರಾಸರಿ ಎಷ್ಟು ದಿನ ಉಳಿಯುತ್ತದೆ. ಎರಡನ್ನೂ ಗುಣಿಸಿದರೆ ಉತ್ತರ ಸಿಗುತ್ತದೆ. ದಿನಕ್ಕೆ ಮೂರು ಬಂದು, ಸರಾಸರಿ 70 ದಿನ ಉಳಿದರೆ 210. ಅದೇ ಮೂರು ಬಂದು ಸರಾಸರಿ 30 ದಿನ ಉಳಿದರೆ 90. ನಿಮ್ಮ ಸಂಸ್ಥೆಯ ಇಡೀ ಸಂಕಟ ಈ 70ಕ್ಕೂ 30ಕ್ಕೂ ನಡುವೆ ಇದೆ. ಈಗ 14 ನಾಯಿಗಳನ್ನು ಕೊಂದರೆ ಏನಾಗುತ್ತದೆ? ದಿನಕ್ಕೆ ಮೂರರಂತೆ ಐದು ದಿನದಲ್ಲಿ ಅಷ್ಟೇ ಸಂಖ್ಯೆಯ ಹೊಸ ನಾಯಿಗಳು ಬಾಗಿಲಲ್ಲಿ ನಿಂತಿರುತ್ತವೆ. 14 ಪ್ರಾಣ ಕೊಟ್ಟು ನೀವು ಕೊಂಡದ್ದು ಐದು ದಿನ. ಆರನೆಯ ದಿನ ವೈದ್ಯರು ಇನ್ನೊಂದು ಪಟ್ಟಿ ತರುತ್ತಾರೆ, ಎರಡನೆಯ ಪಟ್ಟಿಗೆ ಸಹಿ ಹಾಕುವುದು ಮೊದಲನೆಯದಕ್ಕಿಂತ ಸುಲಭವಾಗಿರುತ್ತದೆ. ಜಾಗಕ್ಕಾಗಿ ಕೊಲ್ಲುವುದರ ವಿರುದ್ಧ ನನ್ನಲ್ಲಿರುವ ಅತ್ಯಂತ ಬಲವಾದ ವಾದ ಇದೇ. ತತ್ವಶಾಸ್ತ್ರವನ್ನು ಪಕ್ಕಕ್ಕಿಟ್ಟರೂ, ಅದು ಯಾವ ಕಾರಣಕ್ಕೆ ನಡೆಯುತ್ತದೆಯೋ ಆ ಕಾರಣವನ್ನೇ ನಿವಾರಿಸುವುದಿಲ್ಲ.

‘ಅನಿವಾರ್ಯ’ ಎಂಬ ಮಾತನ್ನು ನಂಬುವ ಮುನ್ನ ಇನ್ನೊಂದು ಲೆಕ್ಕವನ್ನೂ ನೋಡಿ. ಪ್ರಾಣಿಹಿಂಸೆ ತಡೆಗೆ ದುಡಿಯುವ ಅಮೆರಿಕದ ಎಎಸ್‌ಪಿಸಿಎ ಸಂಸ್ಥೆಯ ಅಂದಾಜಿನಂತೆ ಅಲ್ಲಿನ ಆಶ್ರಯಧಾಮಗಳಲ್ಲಿ 2011ರಲ್ಲಿ ಸುಮಾರು 26 ಲಕ್ಷ ನಾಯಿ ಬೆಕ್ಕುಗಳು ಹೀಗೆ ಸತ್ತವು. 2019ರ ಹೊತ್ತಿಗೆ ಆ ಸಂಖ್ಯೆ ಸುಮಾರು 9.2 ಲಕ್ಷಕ್ಕೆ ಇಳಿಯಿತು. ಎಂಟು ವರ್ಷಗಳಲ್ಲಿ ಮನುಷ್ಯನ ಸ್ವಭಾವವೇನೂ ಬದಲಾಗಲಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಹೆಚ್ಚಿತು, ಕಳೆದುಹೋದ ಪ್ರಾಣಿಗಳು ಮಾಲೀಕರಿಗೆ ಮರಳಿದವು, ದತ್ತು ನೀಡುವ ಕ್ರಮ ಸರಳವಾಯಿತು, ತುಂಬಿದ ಊರಿನಿಂದ ಬೇಡಿಕೆಯಿರುವ ಊರಿಗೆ ಪ್ರಾಣಿಗಳು ಪ್ರಯಾಣ ಮಾಡಿದವು. ಅದಕ್ಕೂ ಮುಂಚೆ, 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಪ್ರಾಣಿ ಇಲಾಖೆಯೂ ಅಲ್ಲಿನ ಪ್ರಾಣಿದಯಾ ಸಂಘವೂ ಒಪ್ಪಂದ ಮಾಡಿಕೊಂಡು, ದತ್ತು ಕೊಡಲು ಯೋಗ್ಯವಾದ ಯಾವ ಪ್ರಾಣಿಯೂ ನಗರದಲ್ಲಿ ಸಾಯದಂತೆ ನೋಡಿಕೊಳ್ಳಲು ಹೊರಟಿದ್ದವು. 2011ರಲ್ಲಿ ‘ಬೇರೆ ದಾರಿಯೇ ಇಲ್ಲ’ ಎಂದು ಸತ್ತ ಪ್ರಾಣಿಗಳಲ್ಲಿ ಎಷ್ಟಕ್ಕೆ ದಾರಿಯಿತ್ತು ಎಂದು ಯೋಚಿಸಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ.

ಅಲ್ಲಿಂದ ಬಂದ ‘ಶೇ. 90’ ಎಂಬ ಮಾನದಂಡದ ಬಗ್ಗೆ ನೀವು ಕೇಳಿರಬಹುದು. ಒಳಗೆ ಬಂದ ನೂರರಲ್ಲಿ 90 ಪ್ರಾಣಿಗಳು ಜೀವಂತವಾಗಿ ಹೊರಹೋದರೆ ಆ ಸಂಸ್ಥೆ ‘ಕೊಲ್ಲದ ಆಶ್ರಯಧಾಮ’. ಗುರಿಯಾಗಿ ಅದು ಒಳ್ಳೆಯದು. ಆದರೆ ಅಂಕಿಯೇ ಗೌರವದ ಪ್ರಶ್ನೆಯಾದಾಗ, ತೀರಾ ಕಾಯಿಲೆಯ ಪ್ರಾಣಿಯನ್ನು ಬಾಗಿಲಲ್ಲೇ ನಿರಾಕರಿಸುವ ಆಸೆ ಹುಟ್ಟುತ್ತದೆ. ಆ ಪ್ರಾಣಿ ಯಾರನ್ನೂ ನಿರಾಕರಿಸಲಾಗದ ಇನ್ನೊಂದು ಸಂಸ್ಥೆಗೆ ಹೋಗಿ ಅಲ್ಲಿ ಸಾಯುತ್ತದೆ. ಒಬ್ಬರ ಕೈ ಶುದ್ಧವಾಗಿ ಉಳಿಯುತ್ತದೆ, ಇನ್ನೊಬ್ಬರಿಗೆ ಕೊಲೆಗಡುಕರೆಂಬ ಹೆಸರು ಬರುತ್ತದೆ. ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವ ಸಂಸ್ಥೆಗಳ ಸಿಬ್ಬಂದಿಯನ್ನು ದೂಷಿಸುವವರ ಜೊತೆ ನಾನು ಎಂದೂ ನಿಂತಿಲ್ಲ, ನೀವೂ ನಿಲ್ಲಬೇಡಿ.

ಈಗ ನಿಮ್ಮ ಪಟ್ಟಿಗೆ ಬರೋಣ. ವೈದ್ಯರನ್ನು ಕೂರಿಸಿಕೊಂಡು, ಒಂದೊಂದು ನಾಯಿಗೂ ಒಂದೊಂದು ಹಾಳೆ ಮಾಡಿ. ಹೆಸರು, ಬಂದ ದಿನ, ಸ್ಥಿತಿ, ಈವರೆಗೆ ಮಾಡಿದ ಪ್ರಯತ್ನ, ಆಮೇಲೆ ಕಾರಣ. ಕಾರಣದ ಜಾಗದಲ್ಲಿ ‘ಇಕ್ಕಟ್ಟು’ ಎಂದು ಬರೆಯಬೇಕಾಗಿ ಬಂದರೆ ಹಾಗೆಯೇ ಬರೆಯಲಿ, ಬೇರೆ ಪದದ ಮರೆ ಬೇಡ.

ನರಳುತ್ತಿರುವವುಗಳ ವಿಷಯದಲ್ಲಿ ನನಗೆ ಸಂಶಯವಿಲ್ಲ. ನೋವು ಔಷಧಕ್ಕೆ ಬಗ್ಗದೆ, ಆಹಾರದ ಮೇಲಿನ ಆಸೆ ಸತ್ತು, ತನ್ನ ಮಲಮೂತ್ರದಿಂದ ಎದ್ದು ಸರಿಯಲಾರದೆ, ಕೆಟ್ಟ ದಿನಗಳು ಒಳ್ಳೆಯ ದಿನಗಳನ್ನು ಮೀರಿದ ಪ್ರಾಣಿಗೆ ಸಾವು ನಿಜವಾಗಿಯೂ ದಯೆ. 90ರ ಜಾಗದಲ್ಲಿ ಹತ್ತೇ ನಾಯಿಗಳಿದ್ದರೂ ಅದನ್ನು ಕೊಡಬೇಕಿತ್ತು. ಇಂಥ ನಾಯಿಗಳು ನಿಮ್ಮಲ್ಲಿ ಇಷ್ಟು ದಿನ ಉಳಿದಿದ್ದರೆ ತಪ್ಪು ಆಗಿರುವುದು ತಡದಲ್ಲಿ. ಇವುಗಳಿಗೆ ಸಹಿ ಹಾಕಿ, ನಾಳೆಗೆ ಇಡಬೇಡಿ. ಮುದಿತನವನ್ನು ಮಾತ್ರ ಕಾಯಿಲೆಯೆಂದು ಓದಬೇಡಿ. ಬಿಸಿಲಿಗೆ ಮೈಯೊಡ್ಡಿ ಮಲಗಿ, ಊಟದ ಸದ್ದಿಗೆ ಬಾಲ ಆಡಿಸುವ ಹದಿನಾಲ್ಕು ವರ್ಷದ ನಾಯಿಗೆ ಬೇಕಾಗಿರುವುದು ಒಂದು ಮೆತ್ತನೆಯ ಹಾಸು.

ಕಾಯಿಲೆಯ ಗುಂಪಿನಲ್ಲಿ ಎಚ್ಚರಿಕೆಯಿಂದಿರಿ. ‘ಗುಣವಾಗದ್ದು’ ಬೇರೆ, ‘ನಮ್ಮಲ್ಲಿ ಗುಣಪಡಿಸಲಾಗದ್ದು’ ಬೇರೆ. ಹುಳುಕಡ್ಡಿ, ನಾಯಿಗೂಡುಗಳಲ್ಲಿ ಹರಡುವ ಕೆನಲ್ ಕೆಮ್ಮು, ಮುರಿದ ಕಾಲು, ಹೃದಯದಲ್ಲಿ ಸೇರಿಕೊಳ್ಳುವ ಹುಳು, ಇವೆಲ್ಲ ಚಿಕಿತ್ಸೆಯಿರುವ ಸಂಗತಿಗಳು. ಹಣವಿಲ್ಲ, ಪ್ರತ್ಯೇಕವಾಗಿಡುವ ಕೋಣೆಯಿಲ್ಲ ಎಂದಾದರೆ ಆ ಮಾತನ್ನು ಹಾಗೆಯೇ ದಾಖಲಿಸಿ, ಬೇರೆ ಸಂಸ್ಥೆಗಳನ್ನು ಕೇಳಿ, ತಾತ್ಕಾಲಿಕವಾಗಿ ಮನೆಯಲ್ಲಿ ನೋಡಿಕೊಳ್ಳುವವರನ್ನು ಹುಡುಕಿ. ಎಲ್ಲ ಬಾಗಿಲು ತಟ್ಟಿದ ಮೇಲೂ ಯಾರೂ ಸಿಗದೆ, ಪ್ರಾಣಿ ನೋವಿನಲ್ಲೇ ಇದ್ದರೆ, ಆಗ ಮೊದಲ ಗುಂಪಿನ ಮಾತೇ ಇದಕ್ಕೂ ಅನ್ವಯಿಸುತ್ತದೆ.

ಕಚ್ಚುವ ನಾಯಿಗಳದು ಅತ್ಯಂತ ಕಷ್ಟದ ಪ್ರಶ್ನೆ, ಇಲ್ಲಿ ನಿಧಾನಿಸುತ್ತೇನೆ. ಆಶ್ರಯಧಾಮದೊಳಗೆ ಮಾಡುವ ಸ್ವಭಾವ ಪರೀಕ್ಷೆಗಳನ್ನು ನಾನು ಹಿಂದೆ ಬಹಳ ನಂಬಿದ್ದೆ. ಪ್ಲಾಸ್ಟಿಕ್ ಕೈಯಿಂದ ಊಟದ ತಟ್ಟೆ ಎಳೆದು ನೋಡುವುದು, ಅಪರಿಚಿತರನ್ನು ಎದುರಿಗೆ ನಿಲ್ಲಿಸುವುದು, ಗುರುಗುಟ್ಟಿದರೆ ಅನುತ್ತೀರ್ಣ. 2016ರಲ್ಲಿ ಸಂಶೋಧಕರಾದ ಗ್ಯಾರಿ ಪ್ಯಾಟ್ರೊನೆಕ್ ಮತ್ತು ಜ್ಯಾನಿಸ್ ಬ್ರ್ಯಾಡ್ಲಿ ಈ ಪರೀಕ್ಷೆಗಳ ಲೆಕ್ಕಾಚಾರವನ್ನು ಬಿಡಿಸಿ ತೋರಿಸಿ, ಇವುಗಳ ಭವಿಷ್ಯವಾಣಿ ನಾಣ್ಯ ಚಿಮ್ಮುವುದಕ್ಕಿಂತ ಮೇಲಲ್ಲ ಎಂದರು. ಕಾರಣ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ನಿಜವಾಗಿ ಅಪಾಯಕಾರಿಯಾದ ನಾಯಿಗಳು ಒಟ್ಟು ನಾಯಿಗಳಲ್ಲಿ ಕಡಿಮೆ, ಹಾಗಾಗಿ ಪರೀಕ್ಷೆ ಸ್ವಲ್ಪ ತಪ್ಪಿದರೂ ‘ಅಪಾಯಕಾರಿ’ ಎಂದು ಹೆಸರಿಟ್ಟವುಗಳಲ್ಲಿ ದೊಡ್ಡ ಪಾಲು ನಿರಪರಾಧಿಗಳೇ ಆಗಿರುತ್ತವೆ. ಅದರ ಮೇಲೆ, ನಿದ್ದೆಯಿಲ್ಲದ, ಹಸಿದ, ಸುತ್ತ ನೂರಾರು ನಾಯಿಗಳ ಸದ್ದಿನಲ್ಲಿ ನಡುಗುವ ಪ್ರಾಣಿಯನ್ನು ಪರೀಕ್ಷಿಸಿದರೆ ನೀವು ಅಳೆಯುವುದು ಅದರ ಸ್ವಭಾವವನ್ನಲ್ಲ, ನಿಮ್ಮ ಆಶ್ರಯಧಾಮವನ್ನು. ಆದ್ದರಿಂದ ಕಚ್ಚಿದ ಚರಿತ್ರೆಯನ್ನು ಕೇಳಿ. ಯಾರನ್ನು, ಯಾವ ಸಂದರ್ಭದಲ್ಲಿ, ಎಷ್ಟು ಆಳವಾಗಿ? ಎಚ್ಚರಿಕೆ ಕೊಟ್ಟು ಕಚ್ಚಿತೇ, ಕೊಡದೆಯೇ? ಇಂಜೆಕ್ಷನ್ ಚುಚ್ಚುವಾಗ ವೈದ್ಯರ ಕೈಗೆ ಹಲ್ಲು ತಾಗಿಸಿದ್ದಕ್ಕೂ ಆಡುತ್ತಿದ್ದ ಮಗುವಿನ ಮುಖಕ್ಕೆ ಹಾರಿದ್ದಕ್ಕೂ ಅಜಗಜಾಂತರ. ಅನುಮಾನವಿರುವ ನಾಯಿಯನ್ನು ಕೆಲವು ವಾರ ಸದ್ದಿಲ್ಲದ ಜಾಗದಲ್ಲಿ ಅನುಭವಿಯೊಬ್ಬರ ಬಳಿ ಬಿಡಿ, ಎಷ್ಟೋ ‘ಕಚ್ಚುವ ನಾಯಿ’ಗಳು ಅಲ್ಲಿ ಕರಗಿಹೋಗುವುದನ್ನು ಕಂಡಿದ್ದೇನೆ.

ಆದರೂ ಕೆಲವು ಉಳಿಯುತ್ತವೆ. ಗಂಭೀರವಾಗಿ ಕಚ್ಚಿದ, ಮತ್ತೆ ಕಚ್ಚುವುದು ಬಹುತೇಕ ಖಚಿತವಾದ ನಾಯಿಯನ್ನು ಚರಿತ್ರೆ ಮುಚ್ಚಿಟ್ಟು ಯಾವುದೋ ಕುಟುಂಬಕ್ಕೆ ಕೊಡುವುದು ಮಹಾಪರಾಧ. ಜೀವನವಿಡೀ ಒಂಟಿ ಗೂಡಿನಲ್ಲಿ, ಉದ್ದನೆಯ ಕೋಲಿನಿಂದ ತಟ್ಟೆ ತಳ್ಳಿಸಿಕೊಂಡು ಬದುಕುವಂತೆ ಮಾಡುವುದು ಕರುಣೆಯಲ್ಲ. ಇಂಥ ನಾಯಿಗೆ ಸಾವು ಸರಿ ಎಂದು ನಾನು ತೀರ್ಮಾನಿಸಿದ್ದೇನೆ, ತೀರ್ಮಾನಿಸಿದ ಪ್ರತಿ ಬಾರಿಯೂ ನನ್ನ ಮನಸ್ಸು ನೊಂದಿದೆ. ಹಾಗೆ ನೋಯುವುದು ತಪ್ಪು ಮಾಡಿದ ಲಕ್ಷಣವಲ್ಲ.

ಉಳಿದವು, ಏನೂ ಆಗದೆ ಯಾರಿಗೂ ಬೇಡವಾದವು. ಇವುಗಳಿಗೆ ಸಹಿ ಹಾಕಬೇಡಿ.

‘ಪ್ರಾಣಿಗೆ ನಾಳೆಯ ಯೋಜನೆಯಿಲ್ಲ, ನೋವಿಲ್ಲದೆ ಸತ್ತರೆ ಅದಕ್ಕೆ ನಷ್ಟವೇನು?’ ಎಂದು ಸಮಿತಿಯಲ್ಲಿ ಯಾರಾದರೂ ಕೇಳುತ್ತಾರೆ. ತತ್ವಶಾಸ್ತ್ರದಲ್ಲೂ ಈ ವಾದಕ್ಕೆ ಹಳೆಯ ನೆಲೆಯಿದೆ. ನನಗೆ ಇದು ಒಪ್ಪಿಗೆಯಲ್ಲ. ದಿನವೂ ಸಂಜೆ ನಾಲ್ಕಕ್ಕೆ ತನ್ನನ್ನು ಹೊರಗೆ ಕರೆದೊಯ್ಯುವ ಹುಡುಗನಿಗಾಗಿ ಮೂರೂಮುಕ್ಕಾಲಿಗೇ ಬಾಗಿಲ ಬಳಿ ಬಂದು ಕೂರುವ ನಾಯಿಗೆ ನಾಳೆ ಇಲ್ಲವೆಂದು ನಾನು ಹೇಗೆ ಹೇಳಲಿ? ಅದಕ್ಕೆ ಮುಂದಿನ ವರ್ಷದ ಕಲ್ಪನೆ ಇಲ್ಲದಿರಬಹುದು. ಆದರೆ ಮುಂದಿನ ವರ್ಷದ ಓಟ, ನಿದ್ದೆ, ಯಾರದೋ ತೊಡೆಯ ಬಿಸಿ, ಇವೆಲ್ಲ ಅದಕ್ಕೆ ಸಿಗಬಹುದಾಗಿದ್ದವು. ಕಲ್ಪಿಸಿಕೊಳ್ಳಲಾಗದವನಿಂದ ಕಸಿದರೂ ಅದು ಕಸಿದದ್ದೇ.

ಸಹಿ ಹಾಕದಿದ್ದ ಮೇಲೆ ನಿಮ್ಮ ಮೇಲೊಂದು ಋಣ ಬೀಳುತ್ತದೆ. ಈ ನಾಯಿಗಳು 70 ದಿನ ಏಕೆ ಉಳಿದವು ಎಂದು ಹುಡುಕಬೇಕು. ಉತ್ತರ ಸಾಮಾನ್ಯವಾಗಿ ನಾಯಿಯಲ್ಲಿ ಇರುವುದಿಲ್ಲ, ನಮ್ಮ ಕಚೇರಿಯಲ್ಲಿ ಇರುತ್ತದೆ. ಶಸ್ತ್ರಚಿಕಿತ್ಸೆಯ ದಿನಕ್ಕಾಗಿ ಒಂಬತ್ತು ದಿನ, ಫೋಟೊ ತೆಗೆಯುವವರಿಗಾಗಿ ಆರು ದಿನ, ದತ್ತು ಅರ್ಜಿಯ ಪರಿಶೀಲನೆಗೆ ಎರಡು ವಾರ. ಮನೆಗೆ ಕಾಂಪೌಂಡ್ ಇಲ್ಲ, ಬಾಡಿಗೆ ಮನೆ, ಒಬ್ಬರೇ ಇದ್ದಾರೆ ಎಂದು ತಳ್ಳಿಹಾಕಿದ ಅರ್ಜಿಗಳನ್ನು ಮತ್ತೆ ತೆರೆದು ನೋಡಿ. ಪರಿಪೂರ್ಣ ಮನೆಗಾಗಿ ಕಾಯುತ್ತ ನಾಯಿಯನ್ನು ಇಕ್ಕಟ್ಟಿನಲ್ಲಿ ಕೊಳೆಸುವುದು ನಾವು ನಮ್ಮ ಜಾಗರೂಕತೆಯ ಹೆಸರಿನಲ್ಲಿ ಮಾಡುವ ಹಿಂಸೆ. ದಿನಕ್ಕೊಮ್ಮೆ ಇಬ್ಬರು ಎಲ್ಲ ಗೂಡುಗಳ ಮುಂದೆ ನಡೆದು, ಪ್ರತಿ ನಾಯಿಯ ಎದುರು ‘ಇದು ಇಂದು ಇನ್ನೂ ಇಲ್ಲೇಕಿದೆ?’ ಎಂದು ಕೇಳಿ, ಉತ್ತರಕ್ಕೆ ಒಬ್ಬರ ಹೆಸರು ಬರೆಯಲಿ. ಈ ಒಂದು ಅಭ್ಯಾಸ ಮಾಡುವಷ್ಟು ಕೆಲಸವನ್ನು ಹೊಸ ಕಟ್ಟಡವೂ ಮಾಡುವುದಿಲ್ಲ.

ಬಾಗಿಲ ಕಡೆಗೂ ನೋಡಬೇಕು. ಅಮೆರಿಕದ ಆಶ್ರಯಧಾಮಗಳ ಪಶುವೈದ್ಯರ ಸಂಘ 2010ರಲ್ಲಿ ಹೊರತಂದು 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳು, ಆರೈಕೆಯ ಸಾಮರ್ಥ್ಯ ಮೀರಿ ಪ್ರಾಣಿಗಳನ್ನು ಇಟ್ಟುಕೊಳ್ಳುವುದೇ ಸ್ವೀಕಾರಾರ್ಹವಲ್ಲ ಎನ್ನುತ್ತವೆ. ತುರ್ತಿಲ್ಲದ ಪ್ರಾಣಿಗೆ ದಿನ ಗೊತ್ತುಮಾಡಿ ಬರಹೇಳುವುದು, ಔಷಧಕ್ಕೋ ಆಹಾರಕ್ಕೋ ದಾರಿಯಿಲ್ಲದೆ ನಾಯಿ ಬಿಡಲು ಬಂದ ಮಾಲೀಕರಿಗೆ ಆ ನೆರವನ್ನೇ ಕೊಟ್ಟು ನಾಯಿಯನ್ನು ಮನೆಯಲ್ಲೇ ಉಳಿಸುವುದು, ಹೊರಗೆ ಆರೋಗ್ಯವಾಗಿ ಬದುಕುತ್ತಿದ್ದ ಪ್ರಾಣಿಯನ್ನು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಅದೇ ಜಾಗಕ್ಕೆ ಬಿಡುವುದು, ಇವು ಒಳಗೆ ಬರುವ ಸಂಖ್ಯೆ ಇಳಿಸುವ ದಾರಿಗಳು. ಬೆಕ್ಕುಗಳ ವಿಷಯದಲ್ಲಿ 2008ರಲ್ಲಿ ಫ್ಲಾರಿಡಾದ ಜ್ಯಾಕ್ಸನ್‌ವಿಲ್, 2010ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರಗಳು ಈ ಕೊನೆಯ ದಾರಿ ಹಿಡಿದು, ಆಶ್ರಯಧಾಮದಲ್ಲಿ ಸಾಯುವ ಬೆಕ್ಕುಗಳ ಸಂಖ್ಯೆಯನ್ನು ಬಹಳ ಇಳಿಸಿದವು.

‘ಬಾಗಿಲು ಬಿಗಿ ಮಾಡಿದರೆ ಹೊರಗೆ ಸಾಯುತ್ತವೆ’ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಸತ್ಯವಿದೆ, ಕೆಲವು ಸಾಯುತ್ತವೆ. ಗಾಯಗೊಂಡದ್ದಕ್ಕೆ, ತಾಯಿಯಿಲ್ಲದ ಮರಿಗೆ, ಹಿಂಸೆಯಿಂದ ಬಂದದ್ದಕ್ಕೆ ಬಾಗಿಲು ಎಂದೂ ಮುಚ್ಚಬಾರದು. ಉಳಿದವುಗಳ ವಿಷಯದಲ್ಲಿ, 211ನೆಯ ನಾಯಿಯನ್ನು ಒಳಗೆ ಬಿಟ್ಟುಕೊಂಡಾಗ ನೀವು ಅದಕ್ಕೆ ಆಶ್ರಯ ಕೊಡುವುದಿಲ್ಲ, ಒಳಗಿರುವ 210ರ ಪಾಲನ್ನು ಇನ್ನಷ್ಟು ಹರಿದು ಹಂಚುತ್ತೀರಿ. ಕಳೆದ ತಿಂಗಳು ಕಚ್ಚಾಟದಲ್ಲಿ ಸತ್ತ ಎರಡು ನಾಯಿಗಳೂ ಆಶ್ರಯಕ್ಕೆಂದೇ ಬಂದಿದ್ದವು.

ಒಂದು ಪ್ರವಾಹ, ಒಂದು ಯುದ್ಧ, ನೂರಾರು ನಾಯಿಗಳನ್ನು ಬಚ್ಚಿಟ್ಟುಕೊಂಡಿದ್ದ ಮನೆಯೊಂದರ ಮೇಲೆ ದಾಳಿ, ಹೀಗೆ ಎಲ್ಲ ಲೆಕ್ಕ ಮುರಿಯುವ ದಿನವೂ ಬರಬಹುದು. ಎಲ್ಲ ದಾರಿ ನೋಡಿದ ಮೇಲೂ ಆರೋಗ್ಯವಂತ ಪ್ರಾಣಿಯನ್ನು ಕೊಲ್ಲುವುದೇ ಉಳಿದವುಗಳ ನರಳಿಕೆಗಿಂತ ಕಡಿಮೆ ಕೆಡುಕು ಎಂಬ ಸ್ಥಿತಿ ಇರಲು ಸಾಧ್ಯವೇ ಇಲ್ಲ ಎಂದು ನಾನು ಹೇಳಲಾರೆ. ಅಂಥ ದಿನ ಅದನ್ನು ಮಾಡಿದವರನ್ನು ದೂಷಿಸಲಾರೆ. ಅವರು ರಿಜಿಸ್ಟರಿನಲ್ಲಿ ‘ಜಾಗವಿಲ್ಲದ ಕಾರಣ ಕೊಂದೆವು’ ಎಂದು ಬರೆಯಲಿ, ವರ್ಷದ ಕೊನೆಗೆ ಆ ಸಂಖ್ಯೆಯನ್ನು ಜನರ ಮುಂದಿಡಲಿ ಎಂದಷ್ಟೇ ಕೇಳುತ್ತೇನೆ. ನಾಯಿ ಸಾಕಿ ಬಿಟ್ಟವರು, ಮರಿ ಹಾಕಿಸಿ ಮಾರಿದವರು, ಸಂತಾನಹರಣಕ್ಕೆ ಹಣ ಕೊಡದ ಆಡಳಿತಗಳು, ಇವರೆಲ್ಲರ ಪಾಲೂ ಆ ಸಂಖ್ಯೆಯಲ್ಲಿದೆ, ಅದು ಕಾಣಬೇಕಾದರೆ ಸಂಖ್ಯೆ ಹೊರಬರಬೇಕು.

ಕಾನೂನನ್ನೂ ನೋಡಿಕೊಳ್ಳಿ, ನೀವು ಎಲ್ಲಿಂದ ಬರೆದಿದ್ದೀರಿ ಎಂದು ಹೇಳಿಲ್ಲ. ಜರ್ಮನಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ಕೊಲ್ಲುವುದು ಶಿಕ್ಷಾರ್ಹ. ಭಾರತದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಗುಣವಾಗದ ಕಾಯಿಲೆಯ, ಮಾರಣಾಂತಿಕ ಗಾಯದ ನಾಯಿಗಳಿಗೆ ದಯಾಮರಣಕ್ಕೆ ಅವಕಾಶ ಕೊಡುತ್ತವೆ, ಜಾಗವಿಲ್ಲ ಎಂಬ ಕಾರಣ ಅಲ್ಲಿಲ್ಲ.

ತೀರ್ಮಾನವನ್ನು ಒಬ್ಬರ ಮೇಲೆ ಹೊರಿಸಬೇಡಿ. ದಿನವೂ ಊಟ ಹಾಕುವವರಿಂದಲೇ ‘ಯಾವುದು ಸಾಯಲಿ’ ಎಂದು ಹೇಳಿಸುವುದಂತೂ ಕ್ರೌರ್ಯ. ಕಾಪಾಡಲೆಂದು ವೃತ್ತಿಗೆ ಬಂದವರು ಕೊಲ್ಲಬೇಕಾಗಿ ಬಂದಾಗ ಹುಟ್ಟುವ ಯಾತನೆಯನ್ನು ತತ್ವಶಾಸ್ತ್ರಜ್ಞ ಬರ್ನಾರ್ಡ್ ರಾಲಿನ್ ‘ನೈತಿಕ ಒತ್ತಡ’ ಎಂದು ಕರೆದರು. ಕೆಲಸದ ಆಯಾಸ ವಿಶ್ರಾಂತಿಯಿಂದ ಇಳಿಯುತ್ತದೆ, ಈ ಒತ್ತಡ ಹಾಗೆ ಇಳಿಯುವುದಿಲ್ಲ. ನಿಮ್ಮ ವೈದ್ಯರ ಮೇಲೆ ಕೋಪ ಬೇಡ. 210 ನಾಯಿಗಳ ನಡುವೆ ಒಬ್ಬಂಟಿಯಾಗಿ ನಿಂತವರು ಕೊಟ್ಟ ಪಟ್ಟಿ ಅದು. ಅದನ್ನು ಅವರ ನೆರವಿನ ಕೂಗು ಎಂದೂ ಓದಿ.

ಕೊನೆಗೆ, ಆ ದಿನ. ಹೌದು, ನೀವು ಅಲ್ಲಿರಬೇಕು. ಸಹಿ ಹಾಕಿದವರು ಆ ಕೋಣೆಯಲ್ಲಿ ನಿಲ್ಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೇರೆ ನಾಯಿಗಳ ಕಣ್ಣಿಗೂ ಕಿವಿಗೂ ದೂರವಾದ ಕೋಣೆಯಿರಲಿ. ನೆಲಕ್ಕೆ ಹಾಸು ಹಾಸಿ, ನಾಯಿಗೆ ಪರಿಚಯವಿರುವ ಒಬ್ಬರು ಜೊತೆಗಿರಲಿ, ಬಾಯಿಗೆ ಇಷ್ಟವಾದದ್ದೇನನ್ನಾದರೂ ಕೊಡಲಿ. ಮೊದಲು ಮಂಪರಿನ ಔಷಧ ಕೊಡಲಿ. ನಾಯಿ ಸಡಿಲವಾಗಿ ಮಲಗಿದ ಮೇಲೆ ರಕ್ತನಾಳಕ್ಕೆ ಪೆಂಟೊಬಾರ್ಬಿಟಾಲ್ ಎಂಬ ಔಷಧ. ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ಹೋಗುತ್ತದೆ, ನಿಮಿಷಗಳಲ್ಲಿ ಹೃದಯ ನಿಲ್ಲುತ್ತದೆ. ಎಚ್ಚರವಿರುವ ಪ್ರಾಣಿಯ ಹೃದಯಕ್ಕೆ ಸೂಜಿ ಚುಚ್ಚುವುದಕ್ಕೆ, ಮೆಗ್ನೀಷಿಯಂ ಸಲ್ಫೇಟ್‌ನಂಥ ದ್ರಾವಣ ತುಂಬುವುದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ, ಅದು ಚಿತ್ರಹಿಂಸೆ. ಉಸಿರು ನಿಂತೊಡನೆ ಮುಗಿಯಿತೆಂದುಕೊಳ್ಳಬಾರದು, ವೈದ್ಯರು ಸ್ಟೆತಸ್ಕೋಪ್ ಇಟ್ಟು ಕೆಲವು ನಿಮಿಷ ಕೇಳಿ ಖಚಿತಪಡಿಸಲಿ. ಕಣ್ಣು ತೆರೆದೇ ಇರುತ್ತದೆ, ಹೆದರಬೇಡಿ. ದೇಹ ತಣ್ಣಗಾಗುವವರೆಗೆ ಅವಸರ ಮಾಡಬೇಡಿ.

ಆಮೇಲೆ ಅದರ ಗೂಡಿನ ಬಳಿಗೆ ಹೋಗಿ. ತೊಳೆಸಿ, ಒಣಗಲು ಬಿಡಿ. ಪಕ್ಕದ ಗೂಡಿನಲ್ಲಿ ಮೂರು ನಾಯಿಗಳು ಒತ್ತಿಕೊಂಡು ಮಲಗಿರುತ್ತವೆ, ಅವುಗಳಲ್ಲಿ ಒಂದನ್ನು ಇಲ್ಲಿಗೆ ತನ್ನಿ. ಬಾಗಿಲಲ್ಲಿ ನಿಂತಿರುವ ಹೊಸ ನಾಯಿಯನ್ನು ಅಂದು ಆ ಗೂಡಿಗೆ ಹಾಕಬೇಡಿ. ಇದನ್ನು ಆ ದಿನದವರೆಗೆ ಕಾಯದೆ, ಸಹಿ ಹಾಕುವ ಸಭೆಯಲ್ಲೇ ನಿರ್ಣಯವಾಗಿ ಬರೆಸಿ.